ಹಳೇ ಆರ್‌ಎಕ್ಸ್ 100ರ ಮುಂದಿನ ಬ್ರೇಕು: ಕಡಿಮೆ ಖರ್ಚಿನಲ್ಲಿ ಗಟ್ಟಿ ಹಿಡಿತ ತರುವ ಬಗೆ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಅರ್ಧ ದಾಟುವಷ್ಟರಲ್ಲಿ ನನ್ನ ಯಮಹಾ ಆರ್‌ಎಕ್ಸ್ 100ರ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗುತ್ತಾ ಬಂತು. ಇನ್ನೆರಡು ತಿರುವು ಕಳೆಯುವಾಗ ಗ್ರಿಪ್ಪಿಗೇ ಬಂದು ತಾಗಿತು. ಹಿಂದೆ ತಂಗಿ ಕೂತಿದ್ದಳು, ಎದುರಿಗೆ ಬಸ್ಸು ಹತ್ತುತ್ತಿತ್ತು. ಹಿಂದಿನ ಬ್ರೇಕ್ ತುಳಿದು, ಗೇರ್ ಇಳಿಸಿ, ಹೇಗೋ ಚರಂಡಿಯ ಅಂಚಿಗೆ ಗಾಡಿ ನಿಲ್ಲಿಸಿದೆ. ಇಳಿದು ನೋಡಿದರೆ ಮುಂದಿನ ಚಕ್ರದ ನಡುವಿನ, ಬ್ರೇಕಿನ ಡ್ರಮ್ಮು ಇರುವ ಹಬ್ಬು ಮುಟ್ಟಲಾಗದಷ್ಟು ಕಾದಿತ್ತು. ಆ ಬ್ರೇಕಿಗೆ ಹೊಸ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬಾಗಿದ ತುಂಡುಗಳು) ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ.

ಮನೆಗೆ ಬಂದು ಚಕ್ರ ಬಿಚ್ಚಿದೆ. ಶೂವಿನ ಮೇಲೆ ಅಂಟಿಸಿದ ಉಜ್ಜುವ ಪದರ, ಅಂದರೆ ಲೈನರ್, ಇನ್ನೂ ದಪ್ಪಗೇ ಇತ್ತು. ಆದರೆ ಪ್ರತಿ ಶೂವಿನ ನಡುವೆ ಎರಡು ಬೆರಳಗಲದ ಪಟ್ಟಿಯೊಂದು ಮಾತ್ರ ಗಾಜಿನ ಹಾಗೆ ಹೊಳೆಯುತ್ತಿತ್ತು, ಉಳಿದ ಭಾಗ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಮಾಸಲು. ಅಂದರೆ ಎರಡು ತಿಂಗಳಿಂದ ಡ್ರಮ್ಮಿಗೆ ತಾಗುತ್ತಿದ್ದುದು ಲೈನರಿನ ಕಾಲು ಭಾಗವಷ್ಟೇ. ಇಡೀ ಘಾಟಿಯ ಬಿಸಿಯನ್ನೆಲ್ಲ ಆ ಎರಡು ಪಟ್ಟಿಗಳೇ ಹೊತ್ತಿದ್ದವು.

ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸುವುದು ಹೇಗೆ, ಎಷ್ಟಾಗುತ್ತದೆ ಎಂದು ನನ್ನನ್ನು ಕೇಳುವವರಿಗೆಲ್ಲ ಮೊದಲು ಹೇಳುವುದು ಈ ಪಟ್ಟಿಯ ಕಥೆಯನ್ನೇ. ಹಳೇ ಗಾಡಿಯ ಡ್ರಮ್ ಬ್ರೇಕು ಹುಟ್ಟಾ ದುರ್ಬಲವಲ್ಲ. ಅದರ ಶಕ್ತಿ ಶೂ, ಕ್ಯಾಮ್, ಕೇಬಲ್, ಲಿವರ್ ಹೀಗೆ ಹತ್ತು ಕಡೆ ಸ್ವಲ್ಪ ಸ್ವಲ್ಪವೇ ಸೋರಿಹೋಗಿರುತ್ತದೆ. ಸೋರುವ ಕಡೆಗಳನ್ನು ಮುಚ್ಚಿದರೆ ಸಿಗುವ ಬ್ರೇಕು ಬಹಳ ಜನರಿಗೆ ಸಾಕಾಗುತ್ತದೆ. ಹೊಸ ಶೂ, ಸ್ಪ್ರಿಂಗ್, ಕೇಬಲ್, ಬುಶ್, ಲೇತ್ ಕೂಲಿ ಎಲ್ಲ ಸೇರಿ ನನಗೆ ಒಂದೂವರೆ ಸಾವಿರ ರೂಪಾಯಿ ದಾಟಲಿಲ್ಲ. ಡಿಸ್ಕಿನ ಮಾತು ಅದಾದ ಮೇಲಿನದು. ಅದನ್ನೂ ಕೊನೆಯಲ್ಲಿ ವಿವರವಾಗಿ ಹೇಳಿದ್ದೇನೆ.

ಗಾಡಿ ನಿಲ್ಲಬೇಕಾದರೆ ಏನೇನು ಬೇಕು

ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100ಕ್ಕೆ 98 ಸಿಸಿ ಎಂಜಿನ್, 11 ಅಶ್ವಶಕ್ತಿ, ಸುಮಾರು ನೂರು ಕಿಲೋ ತೂಕ. ಮುಂದೆ 130 ಮಿ.ಮೀ. ಡ್ರಮ್. ಕಾಗದದ ಮೇಲೆ ಇದು ಹೊಂದುವ ಲೆಕ್ಕವೇ. ಆದರೆ ಟೂ ಸ್ಟ್ರೋಕ್ ಎಂಜಿನ್ ಥ್ರಾಟಲ್ ಬಿಟ್ಟಾಗ ಫೋರ್ ಸ್ಟ್ರೋಕಿನಷ್ಟು ಹಿಡಿದು ನಿಲ್ಲಿಸುವುದಿಲ್ಲ. ಉಳಿದ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಹಾಕಿದ ಕೂಡಲೇ ತೂಕ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಚಕ್ರದ್ದು. ಹಿಂದಿನ ಬ್ರೇಕನ್ನೇ ನಂಬಿ ಓಡಿಸುವ ಅಭ್ಯಾಸ ನಮ್ಮಲ್ಲಿ ಬೆಳೆದದ್ದು ಮುಂದಿನದು ಹಿಡಿಯುವುದಿಲ್ಲ ಎಂಬ ಅನುಭವದಿಂದಲೇ.

ಒಂದು ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಓಡುತ್ತದೆ. ಬ್ರೇಕಿನ ಹಿಡಿತ ಗುರುತ್ವದ ಅರ್ಧದಷ್ಟಿದ್ದರೆ ನಿಲ್ಲಲು 28 ಮೀಟರ್ ಬೇಕು. ಹಿಡಿತ 0.7ರಷ್ಟಾದರೆ 20 ಮೀಟರ್ ಸಾಕು. ನಡುವಿನ ಎಂಟು ಮೀಟರ್ ಎಂದರೆ ಎರಡು ಕಾರುಗಳ ಉದ್ದ. ನಾವು ಮಾಡಲಿರುವ ಕೆಲಸವೆಲ್ಲ ಈ ಎಂಟು ಮೀಟರಿಗಾಗಿ.

ಬ್ರೇಕು ನಿಲ್ಲಿಸುವುದು ಚಕ್ರವನ್ನು, ಗಾಡಿಯನ್ನು ನಿಲ್ಲಿಸುವುದು ಟೈರು. ಹಾಗಾಗಿ ಮೊದಲು ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾದ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಆರು ವರ್ಷ ಕಳೆದು ರಬ್ಬರು ಉಗುರು ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿದ್ದರೆ ಟೈರಿನ ಹೂವು (ಮೇಲ್ಮೈಯ ಅಚ್ಚು) ಚೆನ್ನಾಗಿದ್ದರೂ ಬದಲಿಸಿ. ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ ಬೇರಿಂಗ್ ನೋಡಿ. ಹ್ಯಾಂಡಲ್ ತಿರುಗುವ ಬೇರಿಂಗಿನಲ್ಲಿ, ಅಂದರೆ ಕೋನ್‌ಸೆಟ್ಟಿನಲ್ಲಿ, ಕಟಕಟ ಇದ್ದರೆ ಅದನ್ನೂ ಮೊದಲು ಸರಿ ಮಾಡಿಸಿ. ಇಲ್ಲದಿದ್ದರೆ ಬ್ರೇಕು ಚುರುಕಾದಷ್ಟೂ ಆ ಕಟಕಟ ಹೆಚ್ಚುತ್ತದೆ.

ಚಕ್ರ ಇಳಿಸುವುದು

ಗಾಡಿಯನ್ನು ಸಮನೆಲದಲ್ಲಿ ಮೇನ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಎಂಜಿನ್ ಕೆಳಗೆ ಮರದ ದಿಮ್ಮಿ ಕೊಡಿ. ದಿಮ್ಮಿಯ ಭಾರ ಸೈಲೆನ್ಸರ್ ಕೊಳವೆಯ ಮೇಲೆ ಬೀಳಬಾರದು. ಬ್ರೇಕ್ ಅಡ್ಜಸ್ಟರ್ ನಟ್ಟು ಪೂರ್ತಿ ಸಡಿಲಿಸಿ ಕೇಬಲ್ ಬಿಡಿಸಿ, ಸ್ಪೀಡೋಮೀಟರ್ ಕೇಬಲ್ ಬಿಚ್ಚಿ. ಆಕ್ಸಲ್‌ನ ಸ್ಪ್ಲಿಟ್ ಪಿನ್ನು ತೆಗೆದು, ನಟ್ಟು ಬಿಚ್ಚಿ, ಚಕ್ರವನ್ನು ಒಂದು ಕೈಯಲ್ಲಿ ಆನಿಸಿಕೊಂಡು ಆಕ್ಸಲ್ ಎಳೆಯಿರಿ. ವಾಶರ್, ಕಾಲರ್ ಯಾವ ಬದಿಯಲ್ಲಿ ಯಾವ ಕ್ರಮದಲ್ಲಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಶೂಗಳು ಕೂತ ಬ್ರೇಕ್ ಪ್ಲೇಟ್ ಹೊರಗೆ ಬಂದಾಗ ಅದರ ಅಂಚಿನ ಕಚ್ಚು ಗಮನಿಸಿ. ಫೋರ್ಕಿನ ಕಾಲಿನಲ್ಲಿರುವ ಉಬ್ಬು ಕೂರುವುದು ಅದರಲ್ಲೇ. ಬ್ರೇಕ್ ಹಾಕಿದಾಗ ಪ್ಲೇಟ್ ಚಕ್ರದ ಜೊತೆ ಸುತ್ತಿಹೋಗದಂತೆ ತಡೆಯುವುದು ಆ ಉಬ್ಬೊಂದೇ. ತಿರುಗಿ ಕೂರಿಸುವಾಗ ಇದು ತಪ್ಪಿದರೆ ಮೊದಲ ಬ್ರೇಕಿಗೇ ಚಕ್ರ ಬಿಗಿದುಕೊಂಡು ಬೀಳುತ್ತೀರಿ.

ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಬಾಯಲ್ಲಿ ಊದಬೇಡಿ, ಪಂಕ್ಚರ್ ಅಂಗಡಿಯ ಗಾಳಿ ಪೈಪಿನಲ್ಲೂ ಹಾರಿಸಬೇಡಿ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿಕೊಂಡು, ಸೋಪು ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಗ್ಯಾರೇಜಿನ ಹುಡುಗರು ಇದನ್ನು ಲೆಕ್ಕಕ್ಕೇ ಇಡದೆ ಫೂ ಎಂದು ಊದುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮೆದುರಿಗೆ ಯಾರಾದರೂ ಊದಿದರೆ ದಯವಿಟ್ಟು ತಡೆಯಿರಿ.

ಡ್ರಮ್ಮಿನ ಸ್ಥಿತಿ

ಡ್ರಮ್ಮಿನ ಒಳಮೈ ಮೇಲೆ ಬೆರಳಾಡಿಸಿ. ಗೆರೆ ಬಿದ್ದಿದೆಯೇ, ಅಂಚಿನಲ್ಲಿ ದಿಬ್ಬ ಎದ್ದಿದೆಯೇ ನೋಡಿ. ಒಳವ್ಯಾಸವನ್ನು ಮೂರು ದಿಕ್ಕಿನಲ್ಲಿ ಅಳೆಯಿರಿ. 130 ಮಿ.ಮೀ. ಡ್ರಮ್ಮಿಗೆ 131 ಮಿ.ಮೀ. ಕೊನೆಯ ಮಿತಿ, ಅದನ್ನು ದಾಟಿದ ಹಬ್ಬಿಗೆ ಹಣ ಹಾಕಬೇಡಿ. ಮೂರು ಅಳತೆಯಲ್ಲಿ ವ್ಯತ್ಯಾಸ ಬಂದರೆ ಡ್ರಮ್ ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದರ್ಥ. ನಿಧಾನ ವೇಗದಲ್ಲಿ ಬ್ರೇಕ್ ಒತ್ತಿದಾಗ ಲಿವರ್ ಬೆರಳಿಗೆ ತಟ್ಟಿ ತಟ್ಟಿ ಬರುವುದು ಇದರಿಂದಲೇ.

ಇದಕ್ಕೆ ಮದ್ದು ಲೇತ್. ಒಂದು ಎಚ್ಚರ ಬೇಕು: ಚಕ್ರದ ಕಡ್ಡಿಗಳ (ಸ್ಪೋಕ್) ಎಳೆತ ಹಬ್ಬನ್ನು ಅಷ್ಟಿಷ್ಟು ಎಳೆದು ಆಕಾರ ಕೆಡಿಸುತ್ತದೆ. ಹಾಗಾಗಿ ಮೊದಲು ಕಡ್ಡಿ ಬಿಗಿ ಮಾಡಿಸಿ, ರಿಮ್ಮಿನ ಸೊಟ್ಟ ತೆಗೆಸಿ. ಆಮೇಲೆ ಕಡ್ಡಿ, ರಿಮ್ ಸಮೇತ ಇಡೀ ಚಕ್ರವನ್ನೇ ಲೇತಿಗೆ ಕಟ್ಟಿ ಡ್ರಮ್ ಹೊಡೆಸಬೇಕು, ಅಂದರೆ ಒಳಮೈಯನ್ನು ತೆಳುವಾಗಿ ಕೆತ್ತಿಸಿ ದುಂಡಾಗಿಸಬೇಕು. ಬರೀ ಹಬ್ಬನ್ನು ಹೊಡೆಸಿ ಆಮೇಲೆ ಕಡ್ಡಿ ಕಟ್ಟಿದರೆ ಮತ್ತೆ ಮೊಟ್ಟೆಯೇ. ಸಣ್ಣ ಗೆರೆಗಳಷ್ಟೇ ಇದ್ದರೆ ಲೇತ್ ಬೇಡ, ಒರಟು ಎಮರಿ ಕಾಗದದಲ್ಲಿ ಅಡ್ಡಡ್ಡ ಉಜ್ಜಿ ಹೊಳಪು ಕಳೆದರೆ ಸಾಕು.

ಶೂ ಮತ್ತು ಡ್ರಮ್ಮಿನ ಹೊಂದಾಣಿಕೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಈ ಹಂತ, ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದೂ ಇದೇ. ಕಾರಣ ಸರಳ. ಶೂ ತಯಾರಾಗುವುದು 130 ಮಿ.ಮೀ. ಡ್ರಮ್ಮಿಗೆ. ಮೂವತ್ತು ವರ್ಷ ಸವೆದ ನಿಮ್ಮ ಡ್ರಮ್ಮು 130.6 ಆಗಿರುತ್ತದೆ. ಶೂವಿನ ಬಾಗು ಹೆಚ್ಚು, ಡ್ರಮ್ಮಿನ ಬಾಗು ಕಡಿಮೆ. ಆಗ ಶೂವಿನ ನಡುಭಾಗ ಮಾತ್ರ ತಾಗಿ, ಎರಡು ತುದಿಗಳು ಗಾಳಿಯಲ್ಲಿ ಉಳಿಯುತ್ತವೆ. ನನ್ನ ಗಾಡಿಯ ಹೊಳೆಯುವ ಪಟ್ಟಿ ಬಂದದ್ದು ಹೀಗೆ.

ಶೂ ಬಿಡಿಸುವಾಗ ಸ್ಪ್ರಿಂಗ್ ಎಳೆಯಲು ಹೋಗಬೇಡಿ. ಎರಡೂ ಶೂಗಳನ್ನು ಪುಸ್ತಕ ಮಡಚಿದಂತೆ ಮೇಲಕ್ಕೆ ಮಡಚಿದರೆ ತಾವಾಗಿ ಕಳಚಿಕೊಳ್ಳುತ್ತವೆ. ಲೈನರ್ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊಸ ಜೋಡಿ ಬೇಕು. ಎಣ್ಣೆಯೋ ಗ್ರೀಸೋ ಕುಡಿದ ಲೈನರ್ ಎಷ್ಟೇ ದಪ್ಪವಿದ್ದರೂ ಕೆಲಸಕ್ಕೆ ಬಾರದು. ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ ಎಣ್ಣೆ ಸುಡುವ ರೂಢಿ ಕೆಲವು ಕಡೆ ಇದೆ. ಮೇಲಿನದು ಸುಟ್ಟರೂ ಒಳಗಿನದು ಬಿಸಿಯಾದಾಗ ಮತ್ತೆ ಒಸರುತ್ತದೆ, ಅಂಟೂ ಹಾಳಾಗುತ್ತದೆ. ಕೊಳ್ಳುವಾಗ ಒಳ್ಳೆಯ ಕಂಪನಿಯ, ಕಲ್ನಾರು ಇಲ್ಲದ ಶೂವನ್ನೇ ಕೇಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಆಯ್ಕೆ ಬೇಕಾದಷ್ಟಿದೆ. ಲೈನರಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಅಂಟಿನಲ್ಲಿ ಬಿರುಕು ಕಂಡರೆ ಅಲ್ಲೇ ವಾಪಸ್ ಕೊಡಿ.

ಹೊಸ ಶೂವನ್ನು ಡ್ರಮ್ಮಿಗೆ ಹೊಂದಿಸಲು ಎರಡು ದಾರಿಗಳಿವೆ.

ಉತ್ತಮವಾದದ್ದು ಲೇತಿನದು. ಶೂಗಳನ್ನು ಪ್ಲೇಟಿಗೆ ಜೋಡಿಸಿ, ಕ್ಯಾಮಿಗೂ ಶೂವಿನ ತುದಿಗೂ ನಡುವೆ ತೆಳು ತಗಡಿನ ತುಂಡು ಕೊಟ್ಟು ಶೂಗಳು ಸ್ವಲ್ಪ ತೆರೆದಿರುವಂತೆ ಮಾಡಬೇಕು. ಆ ಪ್ಲೇಟನ್ನು ಆಕ್ಸಲ್ ಮೇಲೆ ಲೇತಿಗೆ ಕಟ್ಟಿ, ಲೈನರಿನ ಹೊರಮೈಯನ್ನು ಡ್ರಮ್ಮಿನ ಅಳತೆಗೆ ಸರಿಯಾಗಿ ಹೊಡೆಸಬೇಕು. ತಗಡು ತೆಗೆದಾಗ ಶೂಗಳು ಒಳಕ್ಕೆ ಸರಿದು ಚಕ್ರ ತಿರುಗಲು ಜಾಗವಾಗುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಪೂರ್ತಿ ಬಾಗು ಡ್ರಮ್ಮಿಗೆ ಕೂರುತ್ತದೆ. ಇದಕ್ಕಾಗಿಯೇ ಶೂ ಕೊಳ್ಳುವಾಗ ಲೈನರ್ ದಪ್ಪ ಇರುವುದನ್ನು ಆರಿಸಬೇಕು, ಹೊಡೆಸಲು ಮೈ ಬೇಕಲ್ಲ. ನನ್ನ ಕೆಲಸ ಮಾಡಿಕೊಟ್ಟ ಲೇತಿನ ಸಾಹೇಬರು ಶೂ ಕೈಗೆತ್ತಿಕೊಂಡು ಡ್ರಮ್ಮಿನೊಳಗೆ ಇಟ್ಟು, ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಅಲ್ಲಾಡಿಸಿ ತೋರಿಸಿದರು: "ನೋಡು ತಮ್ಮಾ, ತೊಟ್ಲು ತೂಗಿದಂಗೆ ತೂಗ್ತೈತೆ. ಇದು ಹೆಂಗ್ ಹಿಡಿಯತ್ತೆ?" ಹೊಡೆದ ಮೇಲೆ ಅದೇ ಶೂವನ್ನು ಅದೇ ಡ್ರಮ್ಮಿಗೆ ಇಟ್ಟು ಒತ್ತಿದರು, ಕದಲಲಿಲ್ಲ. ಆ ತೊಟ್ಟಿಲ ಪರೀಕ್ಷೆ ನೀವೂ ಮಾಡಿ. ಅರ್ಧ ನಿಮಿಷದ ಕೆಲಸ.

ಲೇತ್ ಹತ್ತಿರದಲ್ಲಿಲ್ಲವೆಂದರೆ ಮನೆಯಲ್ಲೇ ಸೀಮೆಸುಣ್ಣದಿಂದ ಮಾಡಬಹುದು. ಲೈನರಿನ ಮೈಗೆ ಪೂರ್ತಿ ಸೀಮೆಸುಣ್ಣ ಬಳಿದು, ಚಕ್ರ ಜೋಡಿಸಿ, ಕೈಯಲ್ಲಿ ತಿರುಗಿಸುತ್ತಾ ಬ್ರೇಕ್ ಒತ್ತಿ. ಬಿಚ್ಚಿ ನೋಡಿದರೆ ಎಲ್ಲಿ ತಾಗಿದೆಯೋ ಅಲ್ಲಿ ಸುಣ್ಣ ಅಳಿಸಿರುತ್ತದೆ. ಅಷ್ಟನ್ನೇ ಒರಟು ಅರದಿಂದ ಮೆಲ್ಲಗೆ ತೆಗೆಯಿರಿ. ಮತ್ತೆ ಸುಣ್ಣ, ಮತ್ತೆ ಜೋಡಣೆ. ಐದಾರು ಸಲ ಮಾಡಿದರೆ ಮುಕ್ಕಾಲು ಪಾಲು ತಾಗುವ ಹಂತಕ್ಕೆ ಬರುತ್ತದೆ. ಒಂದು ಭಾನುವಾರ ಇದಕ್ಕೇ ಹೋಗುತ್ತದೆ, ಹೋಗಲಿ. ಮಾಸ್ಕ್ ಇಲ್ಲೂ ಮರೆಯಬೇಡಿ. ಕೊನೆಗೆ ಲೈನರಿನ ಎರಡು ತುದಿಗಳ ಚೂಪು ಅಂಚನ್ನು ಇಳಿಜಾರಾಗಿ ಉಜ್ಜಿಬಿಡಿ. ಚೂಪು ಇದ್ದರೆ ಬ್ರೇಕು ತಟ್ಟನೆ ಕಚ್ಚುತ್ತದೆ, ಕಿರುಚುತ್ತದೆ.

ಕ್ಯಾಮ್ ಮತ್ತು ಅದರ ತೋಳು

ಶೂಗಳನ್ನು ಅಗಲಿಸುವ ಕ್ಯಾಮ್ ಪ್ಲೇಟಿನೊಳಗೆ ತಿರುಗುತ್ತದೆ, ಅದನ್ನು ಹೊರಗಿನಿಂದ ತಿರುಗಿಸುವುದು ಹಲ್ಲುಗಳ ಮೇಲೆ ಕೂತ ಪುಟ್ಟ ತೋಳು. ಬಿಚ್ಚುವ ಮುಂಚೆ ಎರಡಕ್ಕೂ ಗುರುತು ಹೊಡೆದುಕೊಳ್ಳಿ. ಕ್ಯಾಮ್ ಹೊರಗೆ ತೆಗೆದು ತುಕ್ಕನ್ನು ಸಣ್ಣ ಎಮರಿಯಲ್ಲಿ ಕಳೆದು, ಹೆಚ್ಚಿನ ಬಿಸಿ ತಡೆಯುವ ಗ್ರೀಸನ್ನು ಬೆರಳ ತುದಿಯಷ್ಟೇ ಸವರಿ. ಜಾಸ್ತಿಯಾದರೆ ಅದು ಕರಗಿ ಲೈನರಿಗೆ ಹೋಗುತ್ತದೆ. ಕ್ಯಾಮ್ ತನ್ನ ರಂಧ್ರದಲ್ಲಿ ಅತ್ತಿತ್ತ ಆಡುತ್ತಿದ್ದರೆ ಲೇತಿನಲ್ಲಿ ಬುಶ್ ಹಾಕಿಸಿ. ಶೂಗಳನ್ನು ವಾಪಸ್ ಎಳೆಯುವ ಸ್ಪ್ರಿಂಗುಗಳು ಅಗ್ಗ, ಯೋಚನೆ ಮಾಡದೆ ಹೊಸದು ಹಾಕಿ.

ತೋಳಿನ ಕೋನದ ವಿಷಯಕ್ಕೆ ಬರೋಣ. ಕೇಬಲ್ ತೋಳನ್ನು ನೇರ 90 ಡಿಗ್ರಿಯಲ್ಲಿ ಎಳೆದಾಗ ಕೈಯ ಬಲ ಪೂರ್ತಿ ಕ್ಯಾಮಿಗೆ ಸಿಗುತ್ತದೆ. ಕೋನ 60 ಅಥವಾ 120 ಆದರೆ ಸಿಗುವುದು ಶೇ. 87. 45 ಅಥವಾ 135 ಆದರೆ ಶೇ. 71. ಆದ್ದರಿಂದ ಶೂ ಡ್ರಮ್ಮಿಗೆ ಬಿಗಿಯಾಗಿ ತಾಗಿದ ಹೊತ್ತಿನಲ್ಲಿ ಕೋನ 90ರ ಹತ್ತಿರ ಬರುವಂತೆ ತೋಳನ್ನು ಹಲ್ಲಿನ ಮೇಲೆ ಕೂರಿಸಬೇಕು. ಯಾರಾದರೂ ಲಿವರ್ ಒತ್ತಿ ಹಿಡಿಯಲಿ, ನೀವು ಪಕ್ಕದಲ್ಲಿ ಕೂತು ನೋಡಿ. ತೋಳು 90 ದಾಟಿ ಮೇಲಕ್ಕೆ ಹೋಗಿದ್ದರೆ ಒಂದು ಹಲ್ಲು ಹಿಂದಕ್ಕೆ ಹಾಕಿ. ಪೈಸೆ ಖರ್ಚಿಲ್ಲದೆ ಲಿವರ್ ಹಗುರವಾಗುತ್ತದೆ.

ಆದರೆ ಸವೆದ ಶೂವಿಗೆ ಇನ್ನಷ್ಟು ಆಯಸ್ಸು ಕೊಡಲು ತೋಳನ್ನು ಹಲ್ಲು ಬದಲಿಸಿ ಕೂರಿಸುವ ಕೆಲಸ ಯಾವತ್ತೂ ಬೇಡ. ಶೂ ತೆಳುವಾದಷ್ಟೂ ಕ್ಯಾಮ್ ಹೆಚ್ಚು ತಿರುಗಬೇಕು. ಹಾಗೆ ತಿರುಗಿ ತಿರುಗಿ ಒಂದು ದಿನ ಅದು ಪೂರ್ತಿ ಅಡ್ಡ ನಿಂತು, ಸ್ಪ್ರಿಂಗಿಗೆ ವಾಪಸ್ ಎಳೆಯಲಾಗದೆ, ಬ್ರೇಕು ಹಿಡಿದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಿನ ಚಕ್ರ ಓಡುತ್ತಿರುವಾಗ ಹಾಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಉದ್ದದ ತೋಳು ಹಾಕಿದರೆ ಬ್ರೇಕು ಹೆಚ್ಚುತ್ತದೆಯೇ ಎಂದು ಕೇಳುತ್ತಾರೆ. ಹೌದು, ತೋಳು ಶೇ. 10 ಉದ್ದವಾದರೆ ಬಲವೂ ಶೇ. 10 ಹೆಚ್ಚು. ಲಿವರ್ ಓಡಾಟವೂ ಅಷ್ಟೇ ಹೆಚ್ಚುತ್ತದೆ. ಶೂ ಸರಿಯಾಗಿ ಕೂತಿದ್ದರೆ ಮಾತ್ರ ಆ ಓಡಾಟಕ್ಕೆ ಜಾಗ ಇರುತ್ತದೆ. ಇರುವ ತೋಳಿಗೆ ತುಂಡು ವೆಲ್ಡ್ ಮಾಡಿಸಿ ಉದ್ದ ಮಾಡುವುದನ್ನು ನಾನು ಒಪ್ಪುವುದಿಲ್ಲ. ವೆಲ್ಡಿಂಗ್ ಬಿಟ್ಟರೆ ಮುಂದಿನ ಬ್ರೇಕೇ ಇಲ್ಲ.

ಕೇಬಲ್, ಲಿವರ್

ಹಳೇ ಕೇಬಲಿನ ಹೊರಕವಚ ಲಿವರ್ ಒತ್ತಿದಾಗ ಸ್ಪ್ರಿಂಗಿನಂತೆ ಕುಗ್ಗುತ್ತದೆ, ನಿಮ್ಮ ಬಲ ಅಲ್ಲೇ ಕರಗುತ್ತದೆ. ಹೊಸದು ಹಾಕಿ, ಹಾಕುವ ಮುಂಚೆ ಒಳತಂತಿಗೆ ತೆಳು ಎಣ್ಣೆ ಇಳಿಸಿ. ಮೊದಲಿದ್ದ ದಾರಿಯಲ್ಲೇ, ಚೂಪು ತಿರುವಿಲ್ಲದೆ ಓಡಿಸಿ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಎಳೆಯಬಾರದು. ಲಿವರಿನ ಪಿವಟ್ ಬೋಲ್ಟು ಸವೆದು ಲಿವರ್ ಮೇಲೆ ಕೆಳಗೆ ಆಡುತ್ತಿದ್ದರೆ ಬೋಲ್ಟು, ಬುಶ್ ಬದಲಿಸಿ. ಬ್ರೇಕ್ ಲೈಟಿನ ಸ್ವಿಚ್ಚು ಮುಂದಿನ ಲಿವರಿಗೂ ಕೆಲಸ ಮಾಡುತ್ತಿದೆಯೇ ನೋಡಿ. ಬ್ರೇಕು ಚುರುಕಾದ ಮೇಲೆ ಹಿಂದಿನವನಿಗೆ ಅದು ಗೊತ್ತಾಗಬೇಕು.

ಜೋಡಿಸಿ ನಡುವಿಗೆ ತರುವುದು

ಚಕ್ರ ಕೂರಿಸಿ, ಪ್ಲೇಟಿನ ಕಚ್ಚಿನಲ್ಲಿ ಫೋರ್ಕಿನ ಉಬ್ಬು ಕೂತಿದೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತ ಮಾಡಿಕೊಳ್ಳಿ. ಆಕ್ಸಲ್ ನಟ್ಟನ್ನು ಕೈಬಿಗಿಗಷ್ಟೇ ಬಿಡಿ. ಈಗ ಚಕ್ರ ಜೋರಾಗಿ ತಿರುಗಿಸಿ ಲಿವರ್ ಗಟ್ಟಿಯಾಗಿ ಒತ್ತಿ, ಒತ್ತಿದಂತೆಯೇ ಹಿಡಿದಿರುವಾಗ ನಟ್ಟು ಬಿಗಿ ಮಾಡಿ. ಶೂಗಳೇ ಪ್ಲೇಟನ್ನು ಡ್ರಮ್ಮಿನ ನಡುವಿಗೆ ತಂದು ನಿಲ್ಲಿಸುತ್ತವೆ. ಇದಕ್ಕೆ ಇಬ್ಬರು ಬೇಕು, ಒಬ್ಬರೇ ಇದ್ದರೆ ಲಿವರನ್ನು ಗ್ರಿಪ್ಪಿಗೆ ರಬ್ಬರ್ ಪಟ್ಟಿಯಲ್ಲಿ ಕಟ್ಟಿಕೊಳ್ಳಿ. ಹೊಸ ಸ್ಪ್ಲಿಟ್ ಪಿನ್ನು ಹಾಕಿ ಬಾಗಿಸಿ. ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಖಾಲಿ ಓಡಾಟ ನಾನು ಇಟ್ಟುಕೊಳ್ಳುತ್ತೇನೆ. ಚಕ್ರ ಎಲ್ಲೂ ಉಜ್ಜದೆ ತಿರುಗಬೇಕು.

ಆಮೇಲೆ ಪಳಗಿಸುವ ಕೆಲಸ. ಖಾಲಿ ರಸ್ತೆಯಲ್ಲಿ ಮೊದಲು 20ರ ವೇಗದಲ್ಲಿ ನಾಲ್ಕೈದು ಸಲ ನಿಲ್ಲಿಸಿ ನೋಡಿ. ಸರಿ ಅನ್ನಿಸಿದರೆ 40ರಿಂದ 10ಕ್ಕೆ ಹದವಾಗಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ, ಪ್ರತಿ ಸಲದ ನಡುವೆ ಅರ್ಧ ಕಿಲೋಮೀಟರ್ ಓಡಿಸಿ ತಣ್ಣಗಾಗಲು ಬಿಡಿ. ಬ್ರೇಕ್ ಹಿಡಿದುಕೊಂಡೇ ಓಡಿಸಿ ಕಾಯಿಸಬೇಡಿ. ಮೊದಲ 200 ಕಿ.ಮೀ.ಯಲ್ಲಿ ಬ್ರೇಕು ದಿನದಿನಕ್ಕೂ ಚುರುಕಾಗುವುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಒಮ್ಮೆ ಕೇಬಲ್ ಬಿಗಿ ಮಾಡಿ.

ಇದೇ ಕ್ರಮ ಮೈಸೂರಿನ ಯೆಜ್ಡಿಗೂ ಹಳೇ ಬುಲೆಟ್ಟಿಗೂ ಹೊಂದುತ್ತದೆ. ಏಳು ಇಂಚಿನ ಡ್ರಮ್ಮಿನಲ್ಲಿ ಎರಡು ಕ್ಯಾಮ್ ಇರುವ ಬುಲೆಟ್ಟುಗಳಲ್ಲಿ ಒಂದು ಹೆಚ್ಚಿನ ಕೆಲಸವಿದೆ. ಎರಡೂ ಕ್ಯಾಮ್‌ಗಳನ್ನು ಜೋಡಿಸುವ ಕಡ್ಡಿಯ ಉದ್ದ ಸರಿಯಿಲ್ಲದಿದ್ದರೆ ಒಂದೇ ಶೂ ದುಡಿಯುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ. ಕಡ್ಡಿ ಬಿಡಿಸಿ, ಎರಡೂ ತೋಳುಗಳನ್ನು ಶೂ ತಾಗುವವರೆಗೆ ಕೈಯಿಂದ ತಿರುಗಿಸಿ ಹಿಡಿದು, ಆ ಸ್ಥಿತಿಯಲ್ಲಿ ಕಡ್ಡಿ ತಾನಾಗಿ ಕೂರುವಷ್ಟು ಉದ್ದ ಹೊಂದಿಸಬೇಕು. ಬುಲೆಟ್ ಬ್ರೇಕ್ ಹಿಡಿಯುವುದಿಲ್ಲ ಎಂದು ನನ್ನ ಹತ್ತಿರ ಬಂದ ಮೂರು ಗಾಡಿಗಳಲ್ಲಿ ಎರಡಕ್ಕೆ ಇದಷ್ಟೇ ಮದ್ದಾಯಿತು.

ಇಷ್ಟಾದರೂ ಡಿಸ್ಕ್ ಬೇಕೆಂದರೆ

ದಿನವೂ ಘಾಟಿ ಇಳಿಯುವವರು, ಎಂಜಿನ್ ಪೋರ್ಟಿಂಗ್ ಮಾಡಿಸಿ ವೇಗ ಹೆಚ್ಚಿಸಿಕೊಂಡವರು, ಸದಾ ಇಬ್ಬರು ಓಡಾಡುವವರು ಡಿಸ್ಕ್ ಬಯಸುವುದು ಸಹಜ. ಡ್ರಮ್ ಕಾದಾಗ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಡಿಸ್ಕ್ ಬಯಲಲ್ಲಿ ತಿರುಗುತ್ತಾ ಬೇಗ ತಣಿಯುತ್ತದೆ. ಆ ಅನುಕೂಲ ನಿಜವಾದದ್ದು.

ನನ್ನ ಸಲಹೆ ಒಂದೇ: ಬಿಡಿಬಿಡಿಯಾಗಿ ಕೂಡಿಸಬೇಡಿ. ಹಳೇ ಫೋರ್ಕಿನ ಕಾಲಿಗೆ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಭಾಗ) ಹಿಡಿಸಲು ತಗಡಿನ ಬ್ರಾಕೆಟ್ ವೆಲ್ಡ್ ಮಾಡಿಕೊಡುವವರು ಸಿಗುತ್ತಾರೆ. ಬ್ರೇಕ್ ಹಾಕಿದಾಗ ಇಡೀ ಗಾಡಿಯ ಓಟವನ್ನು ತಡೆಯುವ ಬಲ ಆ ಬ್ರಾಕೆಟ್ಟಿನ ಮೂಲಕವೇ ಹಾದುಹೋಗುತ್ತದೆ. ಅದರ ಬದಲು ಡಿಸ್ಕ್ ಇದ್ದ ಒಂದೇ ಗಾಡಿಯ ಫೋರ್ಕು, ಅದನ್ನು ಫ್ರೇಮಿಗೆ ಹಿಡಿಸುವ ಟಿ ಸ್ಟೆಮ್, ಚಕ್ರ, ಕ್ಯಾಲಿಪರ್, ಲಿವರಿನ ಬಲವನ್ನು ಬ್ರೇಕ್ ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್ ಒಟ್ಟಿಗೆ ಕೊಳ್ಳಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಂಥ ಕಡೆ ಹುಡುಕಿದರೆ ಸಿಗುತ್ತದೆ. ಬಿಲ್ಲು ಕೇಳಿ ಪಡೆಯಿರಿ, ಕದ್ದ ಗಾಡಿಯ ಭಾಗ ಮನೆಗೆ ಬರಬಾರದು. ಯಾರು ಎಷ್ಟೇ ಖಚಿತವಾಗಿ ನೇರ ಕೂರುತ್ತದೆ ಎಂದರೂ ಸ್ಟೆಮ್ಮಿನ ಉದ್ದ, ಬೇರಿಂಗ್ ಕಪ್ಪಿನ ವ್ಯಾಸ, ಫೋರ್ಕಿನ ಉದ್ದ ನೀವೇ ಅಳೆಯಿರಿ. ಫೋರ್ಕು ಎರಡು ಬೆರಳು ಗಿಡ್ಡವಾದರೂ ಗಾಡಿಯ ಹ್ಯಾಂಡಲಿಂಗ್ ಬದಲಾಗುತ್ತದೆ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳುವಾದದ್ದು, ಬಾಗಿದ್ದು ಬೇಡ. ಕ್ಯಾಲಿಪರಿನ ಪಿಸ್ಟನ್ ಮೇಲೆ ತುಕ್ಕಿನ ಗುಳಿ ಕಂಡರೂ ಬೇಡ. ಹಳೆಯದು ಯಾವುದೇ ಬರಲಿ, ಪ್ಯಾಡು, ಸೀಲ್ ಕಿಟ್ಟು, ಹೋಸು, ತಾಮ್ರದ ವಾಶರು, ಬ್ರೇಕ್ ಆಯಿಲ್ ಹೊಸದೇ ಇರಲಿ. ಉಳಿತಾಯ ಮಾಡುವ ಜಾಗ ಇದಲ್ಲ.

ಮಾಸ್ಟರ್ ಸಿಲಿಂಡರನ್ನು ಚಂದಕ್ಕೆಂದು ದೊಡ್ಡ ಗಾಡಿಯದ್ದಕ್ಕೆ ಬದಲಿಸುವವರಿದ್ದಾರೆ. ಅದರಿಂದ ಬ್ರೇಕು ಕುಗ್ಗುತ್ತದೆ. 14 ಮಿ.ಮೀ. ಪಿಸ್ಟನ್ನಿನ ಜಾಗದಲ್ಲಿ 12.7 ಮಿ.ಮೀ. ಇದ್ದರೆ ಅದೇ ಬೆರಳ ಬಲಕ್ಕೆ ಸುಮಾರು ಶೇ. 21 ಹೆಚ್ಚು ಒತ್ತಡ ಹುಟ್ಟುತ್ತದೆ, ಲಿವರ್ ಅಷ್ಟೇ ಹೆಚ್ಚು ಓಡುತ್ತದೆ. ದೊಡ್ಡದು ಹಾಕಿದರೆ ಲಿವರ್ ಕಲ್ಲಿನಂತೆ ಗಟ್ಟಿ, ಹಿಡಿತ ಕಡಿಮೆ. ಕ್ಯಾಲಿಪರ್ ಯಾವ ಗಾಡಿಯದೋ ಮಾಸ್ಟರ್ ಸಿಲಿಂಡರೂ ಅದೇ ಗಾಡಿಯದಿರಲಿ.

ಯಾವ ದರ್ಜೆಯ ಆಯಿಲ್ ಬೇಕೆಂದು ತಿಳಿಯಲು ಮಾಸ್ಟರ್ ಸಿಲಿಂಡರಿನ ಡಬ್ಬಿಯ ಮುಚ್ಚಳ ನೋಡಿ. ಡಾಟ್ 3, ಡಾಟ್ 4 ಎಂಬ ದರ್ಜೆಗಳೆರಡೂ ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡ ಅರ್ಧ ಬಾಟಲಿ ಆಯಿಲನ್ನು ಮುಂದಿನ ವರ್ಷ ಬಳಸಬೇಡಿ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕೋನಿನದು, ಇವುಗಳ ಜೊತೆ ಬೆರೆಸಲೇಬಾರದು.

ಗಾಳಿ ತೆಗೆಯಲು ಬ್ಲೀಡ್ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಲಿವರ್ ಮೂರ್ನಾಲ್ಕು ಸಲ ಒತ್ತಿ, ಒತ್ತಿ ಹಿಡಿದು, ನಿಪ್ಪಲ್ ಕಾಲು ಸುತ್ತು ತೆರೆದು ಮುಚ್ಚಿ, ಆಮೇಲೆ ಲಿವರ್ ಬಿಡಿ. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಗಾಳಿ ಒಳಕ್ಕೇ ಹೋಗುತ್ತದೆ. ಗುಳ್ಳೆ ನಿಲ್ಲುವವರೆಗೆ ಮಾಡುತ್ತಿರಿ, ನಡುನಡುವೆ ಮೇಲಿನ ಡಬ್ಬಿ ಬರಿದಾಗದಂತೆ ತುಂಬಿ. ಇನ್ನೂ ಮೆತ್ತಗಿದ್ದರೆ ರಾತ್ರಿಯಿಡೀ ಲಿವರನ್ನು ಗ್ರಿಪ್ಪಿಗೆ ಕಟ್ಟಿಬಿಡಿ, ಬೆಳಗ್ಗೆಗೆ ಬಹಳ ಸಲ ಗಟ್ಟಿಯಾಗಿರುತ್ತದೆ. ಟ್ಯಾಂಕಿನ ಮೇಲೆ ಹಳೇ ಬಟ್ಟೆ ಹೊದಿಸಿ. ಈ ಆಯಿಲ್ ಬಣ್ಣ ತಿನ್ನುತ್ತದೆ, ಬಿದ್ದ ಕೂಡಲೇ ನೀರು ಸುರಿಯಿರಿ. ಹೋಸು ಫೋರ್ಕು ಪೂರ್ತಿ ಕುಗ್ಗಿದಾಗ, ಪೂರ್ತಿ ಹಿಗ್ಗಿದಾಗ, ಹ್ಯಾಂಡಲ್ ಎರಡೂ ಕಡೆ ತಿರುಗಿದಾಗ ಎಲ್ಲೂ ಸಿಕ್ಕಬಾರದು, ಎಳೆಯಬಾರದು.

ಕೆಲಸಕ್ಕೆ ಕೈ ಹಾಕುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಒಂದು ಮಾತು ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಗಾಡಿಯನ್ನು ತಪಾಸಣೆಗೆ ಒಯ್ಯಲೇಬೇಕು. 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಮಾಡಿದ 2019ರ ಏಪ್ರಿಲ್ ನಿಯಮ ಹಳೇ ಗಾಡಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಚೆನ್ನಾಗಿ ಹಿಡಿಯುವ ಡ್ರಮ್ಮಿಗೆ ಕಾನೂನಿನ ತೊಡಕಿಲ್ಲ.

ಘಾಟಿ ಇಳಿಯುವ ದಿನ

ನಾನು ಕೊನೆಗೆ ಡ್ರಮ್ಮಿನಲ್ಲೇ ಉಳಿದೆ. ಶೂ ಹೊಡೆಸಿದ ಒಂದು ತಿಂಗಳಿಗೆ ಅದೇ ಆಗುಂಬೆ ಘಾಟಿ ಇಳಿದೆ. ಬ್ರೇಕನ್ನು ಉದ್ದಕ್ಕೂ ಹಿಡಿದುಕೊಳ್ಳದೆ ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬಿಡುತ್ತಾ, ಎರಡನೇ ಗೇರಿನಲ್ಲೇ ಬಂದೆ. ಥ್ರಾಟಲ್ ಮುಚ್ಚಿ ಎಂಜಿನ್ ಮೇಲೇ ಇಳಿಯುವಾಗ ಆರ್‌ಎಕ್ಸ್‌ನ ಎಣ್ಣೆ ಪಂಪು ಕಡಿಮೆ ಎಣ್ಣೆ ಕೊಡುತ್ತದೆ, ಅದು ಥ್ರಾಟಲಿಗೆ ಕಟ್ಟಿಕೊಂಡದ್ದು. ಹಾಗಾಗಿ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಡಬೇಕು. ಮಳೆಯಲ್ಲಿ ಡ್ರಮ್ಮಿಗೆ ನೀರು ಹೋಗಿದ್ದರೆ ಸಮನೆಲದಲ್ಲೇ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ನೂರಿನ್ನೂರು ಮೀಟರ್ ಓಡಿಸಿ ಒಣಗಿಸಿ, ಹಿಡಿತ ಬಂದಿದೆಯೇ ನೋಡಿಕೊಂಡು ಇಳಿಯಲು ಶುರು ಮಾಡಿ. ಸೋಮೇಶ್ವರದಲ್ಲಿ ನಿಲ್ಲಿಸಿ ಹಬ್ಬು ಮುಟ್ಟಿದೆ. ಬಿಸಿಯಿತ್ತು, ಆದರೆ ಲಿವರ್ ಹೊರಟಾಗ ಎಲ್ಲಿ ಹಿಡಿಯುತ್ತಿತ್ತೋ ಅಲ್ಲೇ ಹಿಡಿಯುತ್ತಿತ್ತು. ತಂಗಿ ಹಿಂದೆಯೇ ಕೂತಿದ್ದಳು.